ಹಿಂಬದಿಯ ಹನ್ನೆರಡು ಅಕ್ಷರ

ನಮ್ಮ ಗಿರಾಕಿ ಹಿತೇಶ್‌ಭಾಯಿಯ ಬೋಟನ್ನು ಮಸ್ಕತ್ತಿಗೆ ಕಳಿಸುವ ಫೈಲು ನನ್ನ ಟೇಬಲ್ಲಿಗೆ ಬಂದಾಗ ಗಣಪತಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಇಪ್ಪತ್ತೆಂಟು ಅಡಿಯ ಬೋಟು, ಹಿಂದೆ ಎರಡು ಎಂಜಿನ್ನು. ಅಷ್ಟು ಚಿಕ್ಕದನ್ನು ಯಾರೂ ಅರಬ್ಬೀ ಸಮುದ್ರದ ಮೇಲೆ ಓಡಿಸಿಕೊಂಡು ಹೋಗುವುದಿಲ್ಲ, ದೊಡ್ಡ ಹಡಗಿನ ಮೇಲೇರಿಸಿ ಕಳಿಸುತ್ತಾರೆ. ಕಾಗದಗಳಿಗೆ ಮಾತ್ರ ಚಿಕ್ಕದು ದೊಡ್ಡದು ಅಂತಿಲ್ಲ. ನೋಂದಣಿ ಪತ್ರ, ವಿಮೆ, ಸರ್ವೆ ಸರ್ಟಿಫಿಕೇಟು, ರೇಡಿಯೋ ಸೆಟ್ಟಿಗೊಂದು ಲೈಸೆನ್ಸು, ಆ ಸೆಟ್ಟಿನಲ್ಲಿ ಮಾತಾಡುವವನಿಗೊಂದು ಸರ್ಟಿಫಿಕೇಟು, ಬೋಟು ನಡೆಸುವವನ ಸಾಮರ್ಥ್ಯ ಪತ್ರ, ಕೊನೆಗೆ ಕಸ್ಟಮ್ಸಿನವರದು. ಮುಂಬಯಿಯ ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯ ಹತ್ತಿರದ ಒಂದು ಸಣ್ಣ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ. ಬೋಟು ಹತ್ತಿದ್ದು ಒಂದೇ ಸಲ, ಅದೂ ಆಫೀಸಿನ ಪಿಕ್ನಿಕ್ಕಿಗೆ, ಇಡೀ ದಾರಿ ಕಣ್ಣು ಮುಚ್ಚಿಕೊಂಡು.

ಬೋಟಿನ ಜೊತೆ ಅದರ ಡ್ರೈವರ್ ಚಂದ್ರಾಮನೂ ಹೋಗುವುದೆಂದು ಹಿತೇಶ್‌ಭಾಯಿ ಹೇಳಿದ್ದರು. ಚಂದ್ರಾಮ ಇಂಡಿ ತಾಲೂಕಿನವನು, ಭೀಮಾ ನದಿಯ ಮೇಲೆ ದೋಣಿ ಹಾಕುತ್ತಿದ್ದ ಅಂಬಿಗರ ಮನೆತನ. ಊರಿಗೆ ಸೇತುವೆ ಬಂದಿತು, ಇವನು ಮುಂಬಯಿಗೆ ಬಂದ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಬೋಟುಗಳನ್ನೆಲ್ಲ ದಡಕ್ಕೆ ಎಳೆದು ತಾಡಪಾಲು ಹೊದಿಸುತ್ತಾರೆ. ಆಗ ಅವನು ಗೋರೆಗಾಂವ್‌ನ ಕಟ್ಟಡಗಳಲ್ಲಿ ಸಿಮೆಂಟಿನ ಚೀಲ ಹೊರುತ್ತಾನೆ. ಈ ಸಲ ಬೆನ್ನು ಹಿಡಿದುಕೊಂಡು ಮೂರು ವಾರ ಮಲಗಿದ್ದ. ಇನ್ನೊಂದು ಮಳೆಗಾಲ ಚೀಲ ಹೊತ್ತರೆ ಎದ್ದು ಕೂರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಸ್ಕತ್ತಿನಲ್ಲಿ ಬೋಟು ವರ್ಷಪೂರ್ತಿ ನೀರಿನಲ್ಲೇ ಇರುತ್ತದೆ. ಅವನು ಕೇಳುತ್ತಿದ್ದದ್ದು ಅಷ್ಟೇ.

ಬೋಟು ಹಡಗಿನ ಮೇಲೆ ಹೋಗುತ್ತದೆ, ನೀನು ವಿಮಾನದಲ್ಲಿ ಎಂದು ತಿಳಿಸಿದಾಗ ಬಹಳ ಹೊತ್ತು ನಕ್ಕ.

"ಈಜು ಬರೋ ಎಮ್ಮೀನ ಲಾರಿಗೆ ಹಾಕಿ ಹೊಳಿ ದಾಟಿಸಿದಂಗಾತಲ್ರಿ ಅಕ್ಕಾರ."

ಅವನ ಹತ್ತಿರ ಇದ್ದ ಲೈಸೆನ್ಸು ಇಲ್ಲಿಯ ಬಂದರಿನ ಒಳಗಷ್ಟೇ ನಡೆಯುವಂಥದು. ಹೊರದೇಶಕ್ಕೆ ಬೇರೆ ಪರೀಕ್ಷೆ. ಬೋಟು ನಡೆಸಿ ತೋರಿಸುವ ಪರೀಕ್ಷೆಯಲ್ಲಿ ಪರೀಕ್ಷಕರೇ ಅವನ ಕೈ ಕುಲುಕಿ ಹೋದರಂತೆ. ಕಷ್ಟವಾದದ್ದು ರೇಡಿಯೋದ್ದು, ಯಾಕೆಂದರೆ ಅದೆಲ್ಲ ಇಂಗ್ಲಿಷಿನಲ್ಲಿ. ನಾಲ್ಕು ಭಾನುವಾರ ಶಿವಡಿಯ ಚಾಳಿನಿಂದ ಲೋಕಲ್ ಹಿಡಿದು ಮುಲುಂಡಿನ ನಮ್ಮ ಮನೆಗೆ ಬಂದ. ಒಂಬತ್ತನೇ ಇಯತ್ತೆಯ ನನ್ನ ಮಗಳು ಸೌಮ್ಯಾ ಮಾಸ್ತರಿಣಿಯಾದಳು. ಅವಳ ಕನ್ನಡ ಅರ್ಧ ಹಿಂದಿ, ಅವನ ಇಂಗ್ಲಿಷು ಪೂರ್ತಿ ಇಂಡಿ ತಾಲೂಕಿನದು.

"ಅಂಕಲ್, ಬೋಟ್ ಮುಳುಗಿದ್ರೆ ಮೇಡೇ ಮೂರು ಟೈಮ್ ಹೇಳಬೇಕು. ಆಮೇಲೆ ಬೋಟ್‌ದು ನೇಮ್. ನೀವು ಫಸ್ಟ್ ನಮಸ್ಕಾರ ಯಾಕ ಹೇಳ್ತೀರಿ?"

"ಮುಳುಗಾವ ಆದ್ರೂ ನಮಸ್ಕಾರ ಅನ್ನಬೇಕಲ್ಲವಾ ತಂಗಿ."

ಅವನು ಪಾಸಾದ. ಮೆಡಿಕಲ್ಲೂ ಆಯಿತು, ಪಾಸ್‌ಪೋರ್ಟು ಬಂತು, ವೀಸಾ ಬಂತು. ಮಾಟುಂಗದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅವನ ಹೆಂಡತಿ ಹಾಲವ್ವ ಹತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ನನ್ನ ಆಫೀಸಿಗೆ ಕಳಿಸಿದಳು. ಹಡಗಿನ ತಾರೀಖು ಗೊತ್ತಾಯಿತು. ಅದಕ್ಕೆ ಒಂಬತ್ತು ದಿನ ಮುಂಚೆ ಸರ್ವೇಯರ್ ಬಂದು ಬೋಟನ್ನು ಕಾಗದದ ಜೊತೆ ತಾಳೆ ನೋಡಬೇಕು. ನಾನು ಚಂದ್ರಾಮನಿಗೆ ಫೋನು ಮಾಡಿ, ಸಾಹೇಬರು ಸೋಮವಾರ ಬರುತ್ತಾರೆ, ಬೋಟನ್ನು ಚೆನ್ನಾಗಿ ಸ್ವಚ್ಛ ಮಾಡಿಡು ಎಂದೆ. ಅಷ್ಟೇ ಹೇಳಿದ್ದು. ಅದಕ್ಕಿಂತ ಹೆಚ್ಚು ಹೇಳಬೇಕಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಸೋಮವಾರ ನಾನೂ ಫೈಲು ಹಿಡಿದು ಯಾರ್ಡಿಗೆ ಹೋದೆ. ಬೋಟು ಕಟ್ಟಿಗೆಯ ಆಸರೆಗಳ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ಚಂದ್ರಾಮ ಅದರ ಮೂತಿಗೆ ವಿಭೂತಿ ಹಚ್ಚಿ ನಡುವೆ ಕುಂಕುಮ ಇಟ್ಟಿದ್ದ. ಸರ್ವೇಯರ್ ವಯಸ್ಸಾದ ಮನುಷ್ಯ, ಮೆದು ಮಾತು. ಎಂಜಿನ್ನುಗಳ ನಂಬರು ನೋಡಿದರು, ಸರಿಯಿತ್ತು. ಬದಿಯಲ್ಲಿ ದೊಡ್ಡದಾಗಿ ಬರೆದ ನೋಂದಣಿ ನಂಬರು ಸರಿಯಿತ್ತು. ಆಮೇಲೆ ಹಿಂಭಾಗಕ್ಕೆ ಹೋಗಿ ಬಲಮೂಲೆಯಲ್ಲಿ ಬಗ್ಗಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿದರು. ಬೆರಳಿನಿಂದ ಸವರಿದರು.

ಕಾರ್ಖಾನೆಯವರು ಬೋಟಿನ ಒಡಲಲ್ಲೇ ಕೊರೆದ ಹನ್ನೆರಡು ಅಕ್ಷರ-ಅಂಕಿ ಅಲ್ಲಿ ಇರಬೇಕು. ನೋಂದಣಿ ಪತ್ರ, ವಿಮೆ, ಕಸ್ಟಮ್ಸು, ಎಲ್ಲದರಲ್ಲೂ ಬೋಟಿನ ಗುರುತು ಅದೇ. ಆ ಜಾಗ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು.

ಚಂದ್ರಾಮ ಏನನ್ನೂ ಮುಚ್ಚಿಡಲಿಲ್ಲ. ಬೋಟು ಹಿಂದೆ ಗೋವಾದ ಯಾರದ್ದೋ ಆಗಿತ್ತಂತೆ. ಆ ಅಕ್ಷರಗಳನ್ನು ಅವರು ಗೀಚಿದ ಗುರುತು ಅಂದುಕೊಂಡಿದ್ದ. ಚಂದ್ರಾಮನ ಮನೆತನದಲ್ಲಿ ದೋಣಿಯನ್ನು ಬೇರೆ ನೀರಿಗೆ ಇಳಿಸುವ ಮುಂಚೆ ಹಳೆಯ ಒಡೆಯನ ಗುರುತನ್ನೆಲ್ಲ ಕೆರೆದು, ಬಿರುಕು ಗೀರು ಮೆತ್ತಿ, ಎಣ್ಣೆ ಕುಡಿಸಿ, ಆಮೇಲೆಯೇ ಪೂಜೆ. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ. ಶನಿವಾರ ಇಡೀ ದಿನ ಕೂತು ಉಜ್ಜುಕಾಗದದಿಂದ ತಿಕ್ಕಿ, ಪುಟ್ಟಿ ಹಾಕಿ, ಮೂರು ಕೈ ಬಣ್ಣ ಕೊಟ್ಟಿದ್ದ. ಬಹಳ ಚೆಂದದ ಕೆಲಸ. ಪುಟ್ಟಿ ಕಿತ್ತರೂ ಈಗ ಕೆಳಗೆ ಏನೂ ಉಳಿದಿಲ್ಲ ಎಂದರು ಸರ್ವೇಯರ್.

ಆ ಅಕ್ಷರಗಳನ್ನು ನಾನು ಎಷ್ಟು ಫಾರ್ಮಿನಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಅವು ಬೋಟಿನಲ್ಲಿ ಎಲ್ಲಿರುತ್ತವೆಂದು ಒಮ್ಮೆಯೂ ನೋಡಿರಲಿಲ್ಲ. ಚಂದ್ರಾಮನ ಕೈ ದಿನವೂ ಅವುಗಳ ಮೇಲೆ ಆಡುತ್ತಿತ್ತು, ಅವು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸರ್ವೇಯರ್ ಸ್ವಲ್ಪ ದೂರ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವನು ನನ್ನ ಪಕ್ಕಕ್ಕೆ ಬಂದ.

"ಅಕ್ಕಾರ, ನಂಬರ್ ನಿಮ್ ಫೈಲಿನ್ಯಾಗ ಅದ ಅಲ್ರಿ. ಬರದು ಕೊಡ್ರಿ. ಹೆಂಗಿತ್ತೋ ಹಂಗ ಕೊರೀತೀನಿ, ನಮ್ಮಪ್ಪನ ಆಣಿ, ಯಾರಿಗೂ ಗೊತ್ತಾಗಂಗಿಲ್ಲ."

ಹೊಸದಾಗಿ ಕೊರೆದ ನಂಬರು ಸಿಕ್ಕಿದರೆ ಬೋಟು ಕದ್ದದ್ದು ಎಂದೇ ಬರೆಯುತ್ತಾರೆ, ಬೋಟೂ ಹೋಗುತ್ತದೆ, ನಿನ್ನನ್ನೂ ಒಳಗೆ ಹಾಕುತ್ತಾರೆ ಎಂದೆ. ಅವನು ತನ್ನ ಕೈಗಳನ್ನೇ ನೋಡುತ್ತ ನಿಂತ. ತಿಕ್ಕಿ ತಿಕ್ಕಿ ಬೆರಳ ತುದಿಗಳು ಸುಲಿದಿದ್ದವು.

ದಾರಿ ಒಂದಿತ್ತು. ಕಾರ್ಖಾನೆಯವರು ಅದೇ ನಂಬರನ್ನು ಇನ್ನೊಂದು ಗುಪ್ತ ಜಾಗದಲ್ಲೂ ಹಾಕಿರುತ್ತಾರೆ, ಇಂಥ ಹೊತ್ತಿಗೆಂದೇ. ಸರ್ವೇಯರ್ ಅದನ್ನು ಹೇಳಿದಾಗ ನನಗೆ ಅವರ ಕಾಲು ಮುಟ್ಟಬೇಕೆನಿಸಿತು. ಅಂದೇ ಹೊರದೇಶದ ಆ ಕಾರ್ಖಾನೆಗೆ ಇಮೇಲ್ ಬರೆದೆ. ಉತ್ತರ ಮರುದಿನವೇ ಬಂತು, ಬಹಳ ಸೌಜನ್ಯದ ಉತ್ತರ. ಗುಪ್ತ ಜಾಗ ಎಲ್ಲಿದೆಯೆಂದು ನಮ್ಮಂಥವರಿಗೆ ಹೇಳುವಂತಿಲ್ಲ, ಸರಕಾರಿ ಇಲಾಖೆ ತನ್ನ ಲೆಟರ್‌ಹೆಡ್ಡಿನಲ್ಲಿ ಕೇಳಿದರೆ ತಿಳಿಸುತ್ತೇವೆ. ಬೋಟು ನೋಂದಾಯಿಸುವ ಇಲಾಖೆಗೆ ಹೋದೆ. ಅಂಥ ಪತ್ರ ಬರೆಯಬೇಕಾದರೆ ಮೊದಲು ನಂಬರು ಅಳಿದದ್ದಕ್ಕೆ ಪೊಲೀಸ್ ವರದಿ ಬೇಕು ಎಂದರು. ಠಾಣೆಗೆ ಹೋದೆ. ಕಳುವಾಗಿಲ್ಲ, ಅಪಘಾತವಾಗಿಲ್ಲ, ನಿಮ್ಮವನೇ ಅಳಿಸಿದ್ದಾನೆ, ನಾವು ಯಾವುದರ ವರದಿ ಬರೆಯೋಣ ಎಂದರು. ಯಾರೂ ಬೈಯಲಿಲ್ಲ, ಯಾರೂ ಕೈ ಚಾಚಲಿಲ್ಲ. ಎಲ್ಲರೂ ಕೂರಿಸಿ ನೀರು ಕೊಟ್ಟರು. ಎಲ್ಲ ಸರಿಹೋದರೆ ಆರು ವಾರ ಎಂದು ಇಲಾಖೆಯ ಗುಮಾಸ್ತೆ ಲೆಕ್ಕ ಹೇಳಿದಳು. ಹಡಗಿಗೆ ಐದು ದಿನ ಉಳಿದಿತ್ತು.

ಹಿತೇಶ್‌ಭಾಯಿ ಶುಕ್ರವಾರ ಆಫೀಸಿಗೆ ಬಂದರು. ಚಂದ್ರಾಮ ಬಾಗಿಲ ಹೊರಗೇ ನಿಂತಿದ್ದ. ಸ್ವಚ್ಛ ಮಾಡು ಎಂದು ಹೇಳಿದವಳು ನಾನು, ಅವನ ತಪ್ಪಲ್ಲ ಎಂದು ನಾನಾಗಿಯೇ ಹೇಳಿದೆ. ಈ ಮಾತನ್ನು ರೈಲಿನಲ್ಲಿ ನಾಲ್ಕು ದಿನದಿಂದ ಹೊಂದಿಸಿಕೊಳ್ಳುತ್ತ ಬಂದಿದ್ದೆ, ಕೆಲಸ ಹೋದರೆ ಮಗಳ ಶಾಲೆ ಏನು ಎಂದೂ ಯೋಚಿಸಿದ್ದೆ. ಅವರು ಫೋನಿನಿಂದ ತಲೆಯೆತ್ತಿ ನೋಡಿದರು.

"ಕಿಸ್ನೆ ಬೋಲಾ, ಉಸ್ಸೆ ಅಬ್ ಕ್ಯಾ ಫರಕ್ ಪಡ್ತಾ ಹೈ, ಮಹಾದೇವಿಜಿ."

ಯಾರು ಹೇಳಿದರು ಎಂಬುದರಿಂದ ಈಗ ವ್ಯತ್ಯಾಸವಿಲ್ಲ, ನಂಬರು ಬರುವುದಿಲ್ಲ ಎಂಬುದು ನಿಜವೇ. ಅವರಿಗೆ ಸಿಟ್ಟೂ ಇರಲಿಲ್ಲ. ಮಸ್ಕತ್ತಿನಲ್ಲಿ ಅವರ ಪಾಲುದಾರನೊಬ್ಬ ಅಲ್ಲಿಯದೇ ಬೋಟು ಬಾಡಿಗೆಗೆ ಗೊತ್ತುಮಾಡಿದ್ದ. ಅದರ ಜೊತೆಗೆ ಅದರ ಡ್ರೈವರೂ ಬರುತ್ತಾನೆ. ಚಂದ್ರಾಮನ ವೀಸಾ ಈ ಬೋಟಿನ ಹೆಸರಿನ ಮೇಲೆ ಆದದ್ದು, ಬೋಟಿಲ್ಲದೆ ಅದಕ್ಕೆ ಅರ್ಥವಿಲ್ಲ. ಈ ಬೋಟನ್ನು ಇಲ್ಲೇ ಇಡುತ್ತೇನೆ, ಮಳೆಗಾಲದವರೆಗೆ ಅವನೇ ನಡೆಸಲಿ ಎಂದರು. ಅದನ್ನು ಉಪಕಾರ ಮಾಡುವ ದನಿಯಲ್ಲಿ ಹೇಳಿದರು, ಅದು ಉಪಕಾರವೇ ಆಗಿತ್ತು. ಮಳೆಗಾಲದ ನಂತರ ಏನು ಎಂದು ನಾನು ಕೇಳಲಿಲ್ಲ, ಮಳೆಗಾಲದಲ್ಲಿ ಏನು ಎಂದೂ ಕೇಳಲಿಲ್ಲ.

ಅವರು ಹೋದ ಮೇಲೆ ಚಂದ್ರಾಮ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ತನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟ. ಇವನ್ನು ವಾಪಸು ಕೊಡಬೇಕೇ ಎಂದು ಕೇಳಿದ. ಬೇಡ, ನಿನ್ನವೇ ಎಂದೆ. ಹಾಲವ್ವನಿಗೆ ಇನ್ನೂ ಹೇಳಿಲ್ಲವಂತೆ. ಅವಳು ಖಾನಾವಳಿಯಲ್ಲಿ ಬರುವ ತಿಂಗಳಿನಿಂದ ಒಂದೇ ಪಾಳಿ ಬರುತ್ತೇನೆಂದು ಹೇಳಿಬಿಟ್ಟಿದ್ದಳು, ಅವರು ಇನ್ನೊಬ್ಬಳನ್ನು ತೆಗೆದುಕೊಂಡೂ ಆಗಿತ್ತು.

"ನೀವೇ ಹೇಳ್ರಿ ಅಕ್ಕಾರ. ಕಾಗದದ ಮಾತು ನಿಮಗ ಬರ್ತದ. ನಾ ಹೇಳಿದ್ರ ಕುಡದು ಏನೋ ಮಾಡ್ಯಾನ ಅಂತಾಳ."

ಅವನೇ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತ. ಆಚೆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಆಮೇಲೆ ನಿಂತಿತು. ನಾನು ಮೊದಲಿನಿಂದ ಹೇಳಿದೆ, ಕಾರ್ಖಾನೆ, ಹನ್ನೆರಡು ಅಕ್ಷರ, ಇಲಾಖೆ, ಠಾಣೆ, ಆರು ವಾರ. ನಡುವೆ ಫೋನು ಕಟ್ಟಾಯಿತೇನೋ ಎಂದುಕೊಂಡು ನಾನು ಎರಡು ಸಲ ಹಲೋ ಎಂದೆ.

"ಕೇಳಸಾಕತ್ತದ್ರಿ. ಬೋಟ್ ಅದ ಅಂತೀರಿ, ಇವರೂ ಪಾಸ್ ಆಗ್ಯಾರ. ಹಾಂಗಾರ ಇಲ್ಲದ್ದು ಯಾವುದ್ರಿ ಅಕ್ಕಾರ? ನಾವು ಎಲ್ಯಾರ ಹೋಗಿ ತರೂ ಹಂಗ ಅದ ಏನು?"

ಆರು ವಾರ ಎಂಬುದನ್ನೇ ಮತ್ತೊಮ್ಮೆ ಹೇಳಿದೆ. ಅವಳು ಹೂಂ ಎಂದಳು. ತವಾದ ಮೇಲಿನ ರೊಟ್ಟಿ ಸೀಯುತ್ತಿದೆ, ಫೋನು ಇಡುತ್ತೇನೆ ಎಂದಳು.