ಮೂರನೆಯ ದಿನದ ಮಡಕೆ

ಮತ ಎಣಿಸುವ ಗೋಜೇ ಇರಲಿಲ್ಲ. ನನ್ನ ಮಡಕೆಯ ಮುಂದಿನ ಲೋಟದಲ್ಲಿ ಒಂದೇ ಒಂದು ಮೆಕ್ಕೆಜೋಳದ ಕಾಳು, ಅದೂ ನಾನೇ ಹಾಕಿದ್ದು. ನನ್ನ ಗಂಡ ಲಿಸಾಂದ್ರೊ ಕೂಡ ತನ್ನ ಅಣ್ಣನ ಲೋಟಕ್ಕೇ ಹಾಕಿ, ತನಗೇನೂ ಗೊತ್ತಿಲ್ಲವೆಂಬಂತೆ ಛಾವಣಿ ನೋಡುತ್ತ ಕೂತಿದ್ದ.

ಯೊರೊ ಬೆಟ್ಟದ ನಮ್ಮೂರಿನ ಬೀಜ ಸಮಿತಿಯ ಪದ್ಧತಿ ಇದು. ಅಡ್ಡತಳಿ ಮಾಡಿದ ಕೆಂಪು ಬೀನ್ಸ್ ಬೀಜವನ್ನು ಮನೆಮನೆಗೂ ಹಂಚಿದ್ದರು. ಬಿತ್ತಿದರೆ ಒಂದೊಂದು ಗಿಡವೂ ಒಂದೊಂದು ಥರ. ಹಳದಿ ರೋಗ ಬಡಿದದ್ದನ್ನು ಕಿತ್ತೆಸೆದು, ಒಳ್ಳೆಯ ಗಿಡಕ್ಕೆ ಬಟ್ಟೆಯ ಚೂರು ಕಟ್ಟಿ, ಅದರ ಬೀಜವನ್ನಷ್ಟೇ ಮತ್ತೆ ಬಿತ್ತುತ್ತ ಆರು ವರ್ಷ ಕಳೆದಿದ್ದೆವು. ಕೊನೆಗೆ ಉಳಿದದ್ದು ಎರಡು ತಳಿ: ನನ್ನದೊಂದು, ಭಾವ ಮಾರ್ಸಿಯಾಲರದೊಂದು. ರುಚಿಯಲ್ಲಿ ಗೆದ್ದದ್ದನ್ನು ಸಮಿತಿಯ ಹೊಲದಲ್ಲಿ ಬೆಳೆಸಿ ಊರಿಗೆಲ್ಲ ಹಂಚುವುದು, ಸೋತದ್ದನ್ನು ತಿಂದು ಮುಗಿಸುವುದು.

ಭಾವನ ಕಾಳು ಬೇಗ ಬೇಯುತ್ತದೆ, ಹೊಳೆಯುತ್ತದೆ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ದಿನಾ ಬೀನ್ಸ್ ಬೇಯಿಸುವವರು ಯಾರು? ಅಷ್ಟು ಸೌದೆ ಎಲ್ಲಿಂದ ಬರಬೇಕು? ಒಮ್ಮೆ ಬೇಯಿಸಿದ ಮಡಕೆ ಮೂರು ದಿನ ನಡೆಯಬೇಕು. ಅದಕ್ಕೇ ನಾನು ಪ್ರತಿ ಕೊಯ್ಲಿನಲ್ಲೂ ಒಂದೊಂದು ಸಾಲಿನ ಕಾಳನ್ನು ಬೇರೆಬೇರೆ ಬೇಯಿಸಿ, ಮೂರನೆಯ ದಿನ ರುಚಿ ನೋಡಿ, ಕೆಟ್ಟ ಸಾಲನ್ನು ಕೈಬಿಡುತ್ತಿದ್ದೆ. ಇದನ್ನು ಸಭೆಯಲ್ಲಿ ಹೇಳಿದರೆ ಭಾವ ನಕ್ಕುಬಿಟ್ಟರು.

“ಹಳಸಿದ್ದಕ್ಕೆ ಬಹುಮಾನ ಕೊಡೋ ಸಮಿತಿ ಬೇರೆ ಎಲ್ಲೋ ಇರ್ಬೇಕು ಕಣಮ್ಮ. ಹುಡುಕು.”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಸಂಜೆಗೆ ಹಳ್ಳ ಉಕ್ಕಿ, ಆಚೆ ದಡದಿಂದ ಬಂದಿದ್ದ ನಾವೆಲ್ಲರೂ ಸಭೆ ನಡೆದ ಶಾಲೆಯ ಕೋಣೆಯಲ್ಲೇ ಉಳಿಯಬೇಕಾಯಿತು. ಸಮಿತಿಯ ಹಿರಿಯರಾದ ನಸಾರಿಯಾ ಅಜ್ಜಿಯೂ ನಮ್ಮ ಜೊತೆಯಲ್ಲಿದ್ದರು.

“ಊಟದ ಚಿಂತೆ ಯಾಕೆ?” ಅಂದರು ಭಾವ. “ಒತಿಲಿಯಾ ಮೂಟೆ ಇದೆಯಲ್ಲ. ಹೇಗೂ ತಿನ್ನೋದೇ. ಬಿಚ್ಚಿ ಬೇಯ್ಸೋಣ.”

ಗೆದ್ದರೆ ಸಮಿತಿಗೆ ಕೊಡಲೆಂದು ನಾನೂ ಭಾವನೂ ಒಂದೊಂದು ಮೂಟೆ ತಂದಿದ್ದೆವು. ನನ್ನದರಲ್ಲಿದ್ದದ್ದೇ ನನ್ನ ತಳಿಯ ಬೀಜವಷ್ಟೂ. ಅದು ಬೆಂದರೆ ಆರು ವರ್ಷವೂ ಬೆಂದಂತೆ.

“ಮಡಕೇಲಿರೋದು ಮೊದ್ಲು ಖಾಲಿಯಾಗ್ಲಿ ಭಾವ,” ಅಂದೆ. “ತುಂಬಿದ ಮಡಕೆ ಇಟ್ಕೊಂಡು ಮೂಟೆ ಬಿಚ್ಚೋದು ಯಾವ ಮನೆ ಪದ್ಧತಿ?”

ನಸಾರಿಯಾ ಅಜ್ಜಿ ತಲೆಯಾಡಿಸಿದರು. “ಅವಳು ಹೇಳೋದು ಸರಿ. ಮಡಕೆ ಮುಗೀಲಿ, ಆಮೇಲೆ ಮೂಟೆ.”

ಮರುದಿನವೂ ಹಳ್ಳ ಇಳಿಯಲಿಲ್ಲ. ಎರಡೂ ಮಡಕೆಗಳನ್ನು ಕುದಿಸಿ ಕುದಿಸಿ ಬಡಿಸಿದೆವು. ಅಂದು ಎರಡರ ರುಚಿಯೂ ಕೆಟ್ಟಿರಲಿಲ್ಲ. ನಾನು ಮೂಟೆಯ ಪಕ್ಕ ಬಿಟ್ಟು ಕದಲಲಿಲ್ಲ.

ಮೂರನೆಯ ಬೆಳಿಗ್ಗೆ ಭಾವನ ಮಡಕೆಯ ಮುಚ್ಚಳ ತೆಗೆದರೆ ಹುಳಿ ವಾಸನೆ. ಸಾರು ಪಾತ್ರೆ ತೊಳೆದ ನೀರಿನಂತಿತ್ತು. ಸಿಪ್ಪೆ ಬೇರೆ, ಕಾಳು ಬೇರೆ. ನನ್ನದರ ಸಾರು ಇನ್ನೂ ಕೆಂಪಗೆ, ಗಟ್ಟಿಯಾಗಿ ಸೌಟಿಗೆ ಅಂಟುತ್ತಿತ್ತು. ಹಂದಿ ಕೊಬ್ಬಿನಲ್ಲಿ ಈರುಳ್ಳಿ ಹುರಿದು ಅದನ್ನು ಸುರಿದೆ. ಚರ್ರೆಂದ ಸದ್ದಿಗೆ ಕೋಣೆಯ ತಟ್ಟೆಗಳೆಲ್ಲ ನನ್ನ ಕಡೆ ತಿರುಗಿದವು.

ನಸಾರಿಯಾ ಅಜ್ಜಿ ರೊಟ್ಟಿಯ ಕೊನೆಯ ಚೂರಿನಿಂದ ತಟ್ಟೆ ಒರೆಸಿ ತಿಂದರು. ಎದ್ದು ಹೋಗಿ, ಭಾವನ ಲೋಟದಿಂದ ಒಂದು ಕಾಳು ತೆಗೆದು ನನ್ನದಕ್ಕೆ ಹಾಕಿದರು.

“ನಂದು ಯಾವ್ದೋ ಗೊತ್ತಾಗ್ಲಿಲ್ಲ. ಒಂದು ತಗೊಂಡೆ,” ಅಂದರು.

ಆಮೇಲೆ ಒಬ್ಬೊಬ್ಬರೇ ಎದ್ದರು. ಲಿಸಾಂದ್ರೊ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ.

“ಛಾವಣಿ ನೋಡಿ ಮುಗೀತಾ?” ಅಂದೆ. ಅವನು ನನ್ನ ಲೋಟಕ್ಕೆ ಕಾಳು ಹಾಕಿ ತಟ್ಟೆ ಚಾಚಿದ.

ಭಾವನ ಲೋಟದಲ್ಲಿ ಉಳಿದದ್ದು ಒಂದೇ ಕಾಳು, ಅವರದೇ. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ, ಕುಣಿಯಬೇಕು ಅನ್ನಿಸಿತು. ಅವರು ಮಾತ್ರ ತಲೆ ಬಗ್ಗಿಸಿ ನನ್ನ ಬೀನ್ಸನ್ನೇ ಎರಡು ಸಲ ಹಾಕಿಸಿಕೊಂಡು ತಿಂದರು. ಮೂರನೆಯ ಸಲ ಬಂದಾಗ ಮಡಕೆ ಬರಿದಾಗಿತ್ತು.

“ಮಡಕೆ ಮುಗೀತಲ್ಲ,” ಅಂದರು. “ಆಮೇಲೆ ಮೂಟೆ ಅಂತ ತಾನೇ ಮಾತಾಗಿದ್ದು? ಬಿಚ್ಚು, ಎರಡು ಹಿಡಿ ಬೇಯ್ಸು.”

ನಾನು ಹೋಗಿ ಮೂಟೆಯ ಮೇಲೆ ಕೂತೆ.

“ಇದು ಬಿತ್ತೋ ಬೀಜ ಭಾವ. ಹಸಿವಾಗಿದ್ರೆ ನಿಮ್ಮ ಮೂಟೆ ಇದೆಯಲ್ಲ, ಬೇಗ ಬೇಯುತ್ತೆ.”

ಭಾವ ಖಾಲಿ ತಟ್ಟೆ ಕೆಳಗಿಟ್ಟರು. ಆಮೇಲೆ ತಮ್ಮ ಲೋಟದ ಕೊನೆಯ ಕಾಳನ್ನು ನನ್ನದಕ್ಕೆ ಹಾಕಿ, ತಮ್ಮ ಮೂಟೆಯ ಹಗ್ಗ ಬಿಚ್ಚಲು ಕೂತರು.