ಮೂಡಗಾಳಿ

“ಒಂದ್ ಗಳಿಗಿ ತಡಕೋ ನನ್ನವ್ವಾ. ಅವರು ಚಾ ಕುಡದು ಎದ್ದು ಹೋಗೋತನಕ ಅಷ್ಟ,” ಎಂದು ಕೊಟ್ರಬಸಪ್ಪ ಬೀಗರ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳಿಗೆ ಪಿಸುಗುಟ್ಟಿದ.

ಕಳಕಮ್ಮ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಎದೆಯೊಳಗೆ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು.

“ಯಪ್ಪಾ, ಉಸುರು ನನ್ನ ಮಾತು ಕೇಳಂಗಿಲ್ಲ.”

“ಕೇಳಿಸಬೇಕು. ನಿನ್ನ ತಂಗಿ ಬಾಳೇವು ಇದರಾಗ ಐತಿ. ಅಕ್ಕಗ ದಮ್ಮು ಐತಿ, ಗವಿಸಿದ್ದವ್ವಗೂ ಇರಬೇಕು ಅಂತ ಯಾರೋ ಕುಷ್ಟಗಿ ಮಟಾ ಸುದ್ದಿ ಮುಟ್ಟಿಸ್ಯಾರ. ವರನ ತಾಯಿ ಅದನ್ನ ನೋಡಾಕ ಬಂದಾಳ.”

ಅಕ್ಕನ ಮಟ್ಟಿಗೆ ಸುದ್ದಿ ಸುಳ್ಳಾಗಿರಲಿಲ್ಲ. ತವರೂರು ಇಟಗಿಯಲ್ಲಿ ಸಣ್ಣವಳಿದ್ದಾಗಲೇ ಸುಗ್ಗಿ ಬಂತೆಂದರೆ ಕಳಕಮ್ಮನಿಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಕೊಟ್ರಬಸಪ್ಪ ಅವಳನ್ನು ಶ್ರಾವಣದಲ್ಲಿ ವರನ ಕಡೆಯವರಿಗೆ ತೋರಿಸಿದ್ದ. ನೆಲ ಹಸಿಯಾಗಿ, ಧೂಳು ಅಡಗಿ, ಹುಡುಗಿ ಚಿಗರಿಯ ಹಾಗೆ ಓಡಾಡಿಕೊಂಡಿದ್ದ ದಿನಗಳಲ್ಲಿ. ಕೊಪ್ಪಳದ ಕಾಳುಕಡಿಯ ವ್ಯಾಪಾರಿ ಕರಿಬಸಪ್ಪ ಒಪ್ಪಿ ಮದುವೆಯಾದ. ಅವನ ಮನೆಯ ಮಗ್ಗುಲಿಗೇ ಹತ್ತಿ ಬಿಡಿಸುವ ಜಿನ್ನು. ದೀಪಾವಳಿ ದಾಟಿ ಮೂಡಗಾಳಿ ಬೀಸತೊಡಗಿದ ಮೇಲೆ ಊರಿನ ಬಣ್ಣವೇ ಬದಲಾಯಿತು. ಕಣಗಳ ಹೊಟ್ಟು, ಬಂಡಿ ಎಬ್ಬಿಸಿದ ಎರೆಮಣ್ಣು, ಜಿನ್ನಿನಿಂದ ಹಾರುವ ಹತ್ತಿಯ ಧೂಳು ಎಲ್ಲ ಸೇರಿ ಸೂರ್ಯ ಬೂದಿಯೊಳಗಿನ ಕೆಂಡದಂತೆ ಏಳುತ್ತಿದ್ದ. ಯುದ್ಧ ನಡೆದಿದ್ದ ಆ ವರ್ಷ ಹತ್ತಿಗೆ ಬೇಡಿಕೆ ಹೆಚ್ಚಿ ಜಿನ್ನು ರಾತ್ರಿಯೂ ನಿಲ್ಲುತ್ತಿರಲಿಲ್ಲ. ಉಳಿದವರು ಸೀನಿ ಸುಮ್ಮನಾಗುತ್ತಿದ್ದರು. ಕಳಕಮ್ಮ ಮಾತ್ರ ಮೊಣಕಾಲಿಗೆ ಕೈಯೂರಿ, ಕೂತೇ ಬೆಳಗು ಮಾಡುತ್ತಿದ್ದಳು.

ಹಕೀಮ ರಾಜಾಸಾಬ ನಾಡಿ ಹಿಡಿದು, “ಮಳಿ ಬೀಳೋತನಕ ಈಕೀನ ತವರಿಗೆ ಕಳಸ್ರಿ. ಈ ಗಾಳಿ ಈಕೀಗೆ ಆಗಂಗಿಲ್ಲ,” ಎಂದಿದ್ದ. ಕಳಿಸಲು ಅತ್ತೆ ವಿರೂಪಾಕ್ಷಮ್ಮ ತಯಾರಿದ್ದಳು. ಕರೆದೊಯ್ಯಲು ಕೊಟ್ರಬಸಪ್ಪ ತಯಾರಿರಲಿಲ್ಲ. ದೊಡ್ಡ ಮಗಳು ಏದುಸಿರು ಬಿಡುತ್ತ ಮನೆಯಲ್ಲಿ ಕೂತರೆ ಸಣ್ಣವಳನ್ನು ಯಾರು ಕೇಳುತ್ತಾರೆ? ಕೊನೆಗೆ ಕರಿಬಸಪ್ಪನೇ ತಾಯಿಯನ್ನು ಬೇಡಿಕೊಂಡು, ಹಿತ್ತಲಲ್ಲಿ ಅಂಗಡಿಯ ಜೋಳ, ಸಜ್ಜೆ ಕೇರುವ ಕೆಲಸದಿಂದ ಹೆಂಡತಿಯನ್ನು ಬಿಡಿಸಿದ್ದ.

ಕುಷ್ಟಗಿಯ ಹೆಂಗಸು ಪಡಸಾಲೆಯಲ್ಲಿ ಕೂಡಲಿಲ್ಲ. ಮಾತಾಡುತ್ತಲೇ ಅಡುಗೆಮನೆಗೆ ಬಂದು ಒಲೆಯ ಎದುರು ಮಣೆ ಎಳೆದುಕೊಂಡಳು. ಹಿಂದೆಯೇ ವಿರೂಪಾಕ್ಷಮ್ಮ ಬಂದು ನಿಂತಳು. ಸೊಸೆಯ ಜಡ್ಡು ಹೊರಗೆ ಗೊತ್ತಾದರೆ ತನ್ನ ಮನೆಗೂ ಮರ್ಯಾದೆಯಲ್ಲವೆಂದು ಬಾಯಿ ಬಿಗಿದುಕೊಂಡಿದ್ದಳು.

“ಒಲಿ ಆರೇತಲ್ಲ ತಂಗಿ. ಊದಿ ಹಚ್ಚು,” ಎಂದಳು ಬಂದವಳು.

ಕಳಕಮ್ಮ ಊದುಗೊಳವೆ ತೆಗೆದುಕೊಂಡಳು. ಒಲೆಯಲ್ಲಿದ್ದದ್ದು ಹಸಿ ಆರದ ಹತ್ತಿ ಕಟ್ಟಿಗೆ. ಊದಿದಳು, ಹೊಗೆ ಮುಖಕ್ಕೇ ಬಂತು. ಮತ್ತೆ ಊದಿದಳು. ಕಣ್ಣಿಗೆ ಕತ್ತಲೆ ಕವಿಯಿತು. ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದು ಇನ್ನೊಮ್ಮೆ ಊದಿದಾಗ ಬೆಂಕಿ ಭಗ್ಗೆಂದು ಹತ್ತಿತು.

“ತವರಾಗ ನಿಮಗ ಯಾರಿಗೂ ಜಡ್ಡು ಜಾಪತ್ರಿ ಇಲ್ಲೇನು?”

“ಇಲ್ರಿ,” ಎಂದು ನಕ್ಕಳು. ಒಂದು ಮಾತಾಡಿ ಪಾತ್ರೆ ಕಲಕುವುದು, ಬೆಲ್ಲ ಕುಟ್ಟುವ ಸದ್ದಿನಲ್ಲಿ ಉಸಿರೆಳೆದುಕೊಳ್ಳುವುದು, ಮತ್ತೆ ಒಂದು ಮಾತು. ಬೆವರು ಬೆನ್ನಿಗಿಳಿಯಿತು. ಅದು ಒಲೆಯ ಶಾಖದ ಬೆವರೆಂದು ಬಂದವಳು ತಿಳಿದಳು.

“ಗಟ್ಟಿ ಹೆಣ್ಣು,” ಎಂದು ಲೋಟ ಕೆಳಗಿಟ್ಟು ಕೊಟ್ರಬಸಪ್ಪನಿಗೆ ಹೇಳಿದಳು. “ಮಂದಿ ಬಾಯಿಗೆ ಏನೈತ್ರಿ. ನೀವು ಮುಹೂರ್ತ ತಗಸ್ರಿ.”

ಅವಳ ಬಂಡಿ ಓಣಿ ದಾಟಿತೋ ಇಲ್ಲವೋ, ಕಳಕಮ್ಮ ಹೊಸ್ತಿಲ ಬಳಿ ಕುಸಿದಳು. ತುಟಿ ನೀಲಿಗಟ್ಟಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ವಿರೂಪಾಕ್ಷಮ್ಮ ಮೇಲೆ ನಿಂತು ನೋಡಿದಳು.

“ಇಷ್ಟೊತ್ತನಕ ಎಲ್ಲಿ ಹೋಗಿತ್ತ ನಿನ್ನ ದಮ್ಮು? ತಂಗಿ ಸಲುವಾಗಿ ಒಲಿ ಊದಾಕ ಉಸುರು ಐತಿ. ನಮ್ಮ ಮನಿ ಕೆಲಸಕ್ಕ ಇಲ್ಲ. ಹೌದಿಲ್ಲೋ?”

ಕಳಕಮ್ಮ ತಲೆಯೆತ್ತಿ ತಂದೆಯನ್ನು ನೋಡಿದಳು. ವಿರೂಪಾಕ್ಷಮ್ಮನೂ ಅವನತ್ತ ತಿರುಗಿದಳು.

“ನೀವ ಹೇಳ್ರಿ ಬೀಗರ. ನಿಮ್ಮ ಮಗಳಿಗೆ ಜಡ್ಡು ಐತೋ ಇಲ್ಲೋ?”

ಕೊಟ್ರಬಸಪ್ಪ ಬಂಡಿ ಹೋದ ಬೀದಿಯ ಕಡೆಗೊಮ್ಮೆ ನೋಡಿದ.

“ಇಲ್ರಿ,” ಎಂದ. “ಸಣ್ಣಾಕಿ ಇದ್ದಾಗಿಂದ ಆಕೀದು ಸೋಗು ಜಾಸ್ತಿ.”

ಸಂಜೆ ಅಂಗಡಿಯಿಂದ ಬಂದ ಕರಿಬಸಪ್ಪ ಎಲ್ಲ ಕೇಳಿಸಿಕೊಂಡ. “ಹೆತ್ತಪ್ಪನ ಹಂಗಂದ ಮ್ಯಾಲೆ ನಾ ಏನ ಹೇಳ್ಲಿ ಕಳಕಾ?” ಎಂದು ಗೋಡೆಯ ಕಡೆ ಹೊರಳಿ ಮಲಗಿದ. ಬೆಳಗ್ಗೆ ವಿರೂಪಾಕ್ಷಮ್ಮ ಮೊರ ತಂದು ಸೊಸೆಯ ಕೈಗೆ ಕೊಟ್ಟಳು. ಸಜ್ಜೆಯ ಚೀಲಗಳು ಹಿತ್ತಲಲ್ಲಿ ಸಾಲಾಗಿ ನಿಂತಿದ್ದವು.

ಹೋಳಿ ಕಳೆದ ಮೇಲೆ ಕೊಟ್ರಬಸಪ್ಪ ಮದುವೆಗೆ ಕರೆಯಲು ಬಂದ. ಅಷ್ಟರಲ್ಲಿ ಕಳಕಮ್ಮನ ಕೊರಳ ಎಲುಬು ಎದ್ದು, ಭುಜಗಳು ಕಿವಿಯ ಹತ್ತಿರ ಸೇರಿದ್ದವು. ಅಕ್ಷತೆ ಕೊಟ್ಟು ಅವನು ಬೀಗತಿಗೆ ಹೇಳಿದ್ದು ಹಿತ್ತಲಿಗೂ ಕೇಳಿಸಿತು.

“ನಿಮ್ಮಲ್ಲಿ ಕೆಲಸ ಭಾಳ ಇರ್ತಾವು. ಕಳಕವ್ವನ್ನ ಕಳಿಸದಿದ್ರೂ ನಡಿತೈತ್ರಿ. ಅಲ್ಲಿ ಮಂದಿ ಬಂದಿರ್ತಾರ.”

ಕಳಕಮ್ಮ ಮೊರ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಬಂಡಿ ಹೂಡಿತ್ತು. ಜಿನ್ನಿನ ಕಡೆಯಿಂದ ಗಾಳಿ ಒಮ್ಮೆಲೇ ಎದ್ದು, ಹತ್ತಿಯ ಧೂಳು ಓಣಿಯ ತುಂಬ ಹಾರಿತು. ಬಂಡಿಯಲ್ಲಿ ಕೂತ ಕೊಟ್ರಬಸಪ್ಪ ಹೆಗಲ ವಲ್ಲಿಯನ್ನು ಝಾಡಿಸಿ, ಮೂಗುಬಾಯಿ ಮುಚ್ಚುವಂತೆ ಎರಡು ಸುತ್ತು ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡ. ಬಿಗಿಯಾಯಿತೇ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು, ಎತ್ತು ಹೊಡೆಯಲು ಹೇಳಿದ.