ಉಪದೇಶಕ್ಕೆ ಸಿಗದ ಹಾಗೆ

ಇರುವೆ, ಒಂಟಿ ಇರುವೆ, ಚರ್ಚಿನ ಬೆಂಚಿನ ತುದಿಯಿಂದ ನನ್ನ ಹಾಡಿನ ಪುಸ್ತಕ ಹತ್ತುತ್ತಿದೆ, ಬಾಯಲ್ಲಿ ಏನೋ ಬಿಳಿ ಚೂರು ಬೇರೆ, ಇಳಿಯೇ ಮಹರಾಯ್ತಿ, ಅಲ್ಲಿ ಪೀಠದ ಮೇಲೆ ನಿಂತು ಪ್ರಸಂಗ ಮಾಡ್ತಿರೋ ನನ್ನ ಗಂಡನ ಕಣ್ಣಿಗೆ ಬಿದ್ದರೆ ಮುಂದಿನ ಭಾನುವಾರ ನೀನೇ ಉಪದೇಶ, ನಿನ್ನ ಭಾರ, ನಿನ್ನ ಶ್ರಮ, ನಿನ್ನಿಂದ ನಾವು ಕಲಿಯಬೇಕಾದ ಮೂರು ಪಾಠ — ಈ ಮನುಷ್ಯನ ಕಣ್ಣಿಗೆ ಬಿದ್ದ ಯಾವುದೂ ಬರೀ ಅದಾಗಿ ಉಳಿದದ್ದಿಲ್ಲ, ಬೇಲಿಗೆ ನನ್ನ ಬಟ್ಟೆ ಸಿಕ್ಕಿಕೊಂಡರೆ ಅದು ಲೋಕದ ಆಸೆ, ಅಂಗಳದಲ್ಲಿ ಜಾರಿ ಬಿದ್ದರೆ ಅದು ಗರ್ವ, ಮೊದಲು ಎಬ್ಬಿಸಿ ರೀ, ಆಮೇಲೆ ಪಾಠ ಹೇಳುವಿರಂತೆ ಅಂದಿದ್ದೆ, ಅದನ್ನೂ ಹೇಳಿದರು ಆ ಭಾನುವಾರ, ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ಅಯ್ಯನೋರ ಹೆಂಡತಿ ಮುಂದಿನ ಬೆಂಚಲ್ಲಿ ಕೂತು ನಗದೆ ಇರೋಕಾಗುತ್ತಾ — ಕೈ, ಕೈ ಮತ್ತೆ ಹೊಟ್ಟೆ ಮೇಲೆ ಹೋಗಿದೆ, ತೆಗಿ, ತೊಡೆ ಮೇಲಿಡು, ಪಕ್ಕದಲ್ಲಿ ಅತ್ತೆ ಇದ್ದಾರೆ, ಬೆನ್ನ ಹಿಂದೆಯೇ ನರ್ಸಮ್ಮ, ಊರಲ್ಲಿ ಯಾರ ಮುಟ್ಟು ನಿಂತಿತು ಅಂತ ನಡಿಗೆ ನೋಡಿಯೇ ಹೇಳ್ತಾಳೆ ಅವಳು. ಹೌದು, ನಿಂತಿದೆ, ನನಗೂ ದೇವರಿಗೂ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ, ಇವರಿಗಂತೂ ಗೊತ್ತಾಗಲೇಬಾರದು.

ಹೋದ ಸಲ ಹೇಳಿದ್ದೆನಲ್ಲ, ಹೇಳಿ ಏನಾಯಿತು, ಕುಣಿದರು, ಅಡುಗೆಮನೆಯಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಆಮೇಲೆ ಆ ಬಸಿರು ನಿಲ್ಲಲಿಲ್ಲ, ಆಸ್ಪತ್ರೆಯಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದೆ, ಇವರು ಹಿತ್ತಲಲ್ಲಿ ಸುಮ್ಮನೆ ಓಡಾಡಿದರು, ಪಾಪ ಅಂದುಕೊಂಡೆ, ಅಳೋಕೆ ಹೋಗಿದ್ದಾರೆ ಅಂದುಕೊಂಡೆ, ಭಾನುವಾರ ಇದೇ ಪೀಠ ಹತ್ತಿ ಜೇಬಿನಿಂದ ತೆಗೆದರು ನೋಡಿ ಒಂದು ಅಂಜೂರದ ಕಾಯಿ, ಹಸಿರು, ಹೆಬ್ಬೆರಳಿನಷ್ಟು, ಪ್ರಿಯರೇ, ನಮ್ಮ ಮನೆಯಲ್ಲಿ ಒಂದು ಕಾಯಿ ಮಾಗುವ ಮೊದಲೇ ಉದುರಿತು, ಯಾಕೆ ಅಂತ ತೋಟದ ಯಜಮಾನನಿಗೆ ಗೊತ್ತು — ಜನ ಅತ್ತರು, ಎಂಥಾ ಪ್ರಸಂಗ ಅಯ್ಯನೋರೇ ಅಂತ ಬಾಗಿಲಲ್ಲಿ ಇವರ ಕೈ ಹಿಡಿದರು, ಇವರೂ ಅತ್ತಿದ್ದರು, ಅದು ಕಳ್ಳ ಅಳುವಲ್ಲ, ಅದೇ ನನ್ನ ಹಣೆಬರಹ, ಕಳ್ಳ ಅಳುವಾಗಿದ್ದರೆ ಮನೆಗೆ ಬಂದು ನಾಲ್ಕು ಬೈದು ಹಗುರಾಗ್ತಿದ್ದೆ, ನನ್ನ ಮಗು ಕಾಯಲ್ಲ ರೀ ಅಂತ ಒಂದು ಮಾತು, ಅಷ್ಟನ್ನೂ ನುಂಗಿದೆ, ಹೇಳಿದ್ದರೆ ಅದರ ಮುಂದಿನ ವಾರ ಆ ಮಾತೇ ಪ್ರಸಂಗ. ದೇವರ ಮೇಲೆ ನನಗೇನೂ ಸಿಟ್ಟಿಲ್ಲಪ್ಪ, ದೇವರು ಹುಲ್ಲು ಮಾಡಿದ, ಹಕ್ಕಿ ಮಾಡಿದ, ನೋಡಿದ, ಚೆನ್ನಾಗಿದೆ ಅಂದ, ಅಷ್ಟೇ, ಮೂರು ಪಾಠ ಹೇಳೋಕೆ ಹೋಗಲಿಲ್ಲ, ಸ್ವಾಮಿ, ನಿನ್ನ ಆ ಸುಮ್ಮನಿರೋ ಗುಣ ಇವರಿಗೂ ಒಂದು ಚಮಚ ಕುಡಿಸಬಾರದಿತ್ತಾ, ನಾನು ಈ ಸಲ ಇದನ್ನು ಯಾವುದಕ್ಕೂ ಹೋಲಿಸಲ್ಲ, ಬೀಜ ಅನ್ನಲ್ಲ, ಮೊಗ್ಗು ಅನ್ನಲ್ಲ, ವರ ಅಂತಲೂ ಅನ್ನಲ್ಲ, ಇದು ನನ್ನ ಮಗು, ನನಗೆ ಭಯ ಆಗ್ತಿದೆ, ಅಷ್ಟೇ ಇರೋದು — ಏನು, ಏನಂದರು ಈಗ, ಹಕ್ಕಿ ಅಂದರಾ, ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪಿನ ಚೀಲ ತೂಗಿದೆ ಪ್ರಿಯರೇ, ಅದರೊಳಗೆ ಒಂದು ಹಕ್ಕಿ ಗೂಡು ಕಟ್ಟಿದೆ — ಬಿಡಲಿಲ್ಲ, ಅದನ್ನೂ ಬಿಡಲಿಲ್ಲ ಈ ಪುಣ್ಯಾತ್ಮ.

ಇವತ್ತು ಬೆಳಿಗ್ಗೆಯ ಕಥೆ ಅದು, ಇನ್ನೂ ಬಿಸಿ ಆರಿಲ್ಲ, ಕ್ಲಿಪ್ ಬೇಕು ಅಂತ ಚೀಲಕ್ಕೆ ಕೈ ಹಾಕಲು ಹೋದರು, ನಾನು ಒದ್ದೆ ಬಟ್ಟೆ ಅಲ್ಲೇ ಬಿಸಾಕಿ ಓಡಿದೆ, ಮುಟ್ಟಬೇಡಿ, ಮುಟ್ಟಿದರೆ ತಾಯಿ ಬಿಟ್ಟು ಹೋಗ್ತಾಳೆ, ಕೈ ತೆಗೀರಿ ಅಂತ ಕಿರುಚಿದೆ, ಕಿರುಚಿದ್ದು ಸಾಲದೆ ಅತ್ತೂಬಿಟ್ಟೆ, ಒಂದು ಮೊಟ್ಟೆಗೆ ಇಷ್ಟಾ ಅಂತ ಇವರು ಬಾಯಿ ಬಿಟ್ಟುಕೊಂಡು ನಿಂತರು, ಕಣ್ಣಿಗೆ ಸೋಪು ಹೋಯ್ತು ಅಂದೆ, ನಂಬಿದರು, ನಂಬಿದರು ಅಂತಲೇ ಅಂದುಕೊಂಡಿದ್ದೆ. ಈಗ ನನ್ನ ಹಾಗೆಯೇ ಕೈ ಅಡ್ಡ ಹಿಡಿದು ತೋರಿಸ್ತಿದ್ದಾರೆ, ಸಭೆ ನಗ್ತಿದೆ, ಅತ್ತೆ ಮೊಣಕೈಯಲ್ಲಿ ತಿವಿದು, ಪರವಾಗಿಲ್ಲ ಕಣೇ, ನೀನು ಗಂಡನ್ನೇ ಗದರಿಸ್ತೀಯ ಅಂತ ಪಿಸುಗುಟ್ಟಿದರು, ನಗು, ನಗಬೇಕು, ಹಲ್ಲು ಕಾಣಿಸಿದರೆ ಸಾಕು, ಇವರು ಮುಂದಕ್ಕೆ ಹೋದರು, ಒಂದು ಮೊಟ್ಟೆ ನನ್ನ ಹೆಂಡತಿಗೆ ಇಷ್ಟು ದೊಡ್ಡದಾದರೆ ದೇವರಿಗೆ ನೀವೆಷ್ಟು ದೊಡ್ಡವರು, ಇದು ಮೊದಲನೇ ಪಾಠ, ಸರಿ, ಹೇಳಿಕೊಳ್ಳಿ, ಅಷ್ಟಕ್ಕೇ ನಿಲ್ಲಿಸಿ, ಹಾಡು ಶುರು ಮಾಡಿಸಿ — ಆದರೆ ಅವಳು ಯಾಕೆ ಅಷ್ಟು ಅತ್ತಳು, ಅದನ್ನೇ ಯೋಚಿಸುತ್ತಾ ಬಂದೆ ಪ್ರಿಯರೇ, ಯಾಕೆ ಅಂದರೆ, ಯಾಕೆ ಅಂದರೆ —

ನಿಂತುಬಿಟ್ಟರು. ಇವರು ಪೀಠದ ಮೇಲೆ ಮಾತು ನಿಲ್ಲಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ, ನನ್ನನ್ನೇ ನೋಡ್ತಿದ್ದಾರೆ, ಮುಖ ಅಲ್ಲ, ಕೆಳಗೆ, ಅಯ್ಯೋ ಕೈ, ಯಾವಾಗ ಹೋಯಿತು ಅಲ್ಲಿಗೆ, ಬೆಳಗಿನ ಅಳು, ತಟ್ಟೆ ಮುಂದೆ ಮೂಗು ಮುಚ್ಚಿಕೊಂಡು ಎದ್ದು ಹೋದದ್ದು, ನೀರಿನ ಬಿಂದಿಗೆ ನೀವೇ ಎತ್ತಿ ಅಂದದ್ದು, ಒಂದೊಂದೇ ಅವರ ಮುಖದಲ್ಲಿ ಜೋಡಣೆ ಆಗ್ತಿರೋದು ನನಗೆ ಇಲ್ಲಿಂದಲೇ ಕಾಣ್ತಿದೆ, ಬೇಡ ರೀ, ನಿಮ್ಮ ದಮ್ಮಯ್ಯ, ಒಂದು ಸಲ ನುಂಗಿಬಿಡಿ, ಮನೆಗೆ ಬಂದು ಕೇಳಿ, ಹೌದು ಅಂತೀನಿ, ಇಬ್ಬರೂ ಸೇರಿ ಹೆದರೋಣ, ಉಳಿದರೂ ಹೋದರೂ ಇದು ನಮ್ಮಿಬ್ಬರದೇ ಆಗಿರಲಿ — ಆ ಮುಖ ನೋಡು, ಎಷ್ಟು ಸಂತೋಷ, ಕಣ್ಣಲ್ಲಿ ನೀರೇ ಬಂತು, ಈ ಸಂತೋಷ ತಡೆದುಕೊಳ್ಳೋ ಶಕ್ತಿ ಈ ಮನುಷ್ಯನಿಗೆ ದೇವರು ಕೊಟ್ಟಿಲ್ಲ, ಬಾಯಿ ತೆರೆಯಿತು, ಪ್ರಿಯರೇ ಅಂದರು, ಬೆಂಚುಗಳು ಕಿರ್ ಅಂದವು, ಅತ್ತೆ ತಿರುಗಿದರು, ನರ್ಸಮ್ಮನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿದೆ, ತೆಗೆದರೆ ಯಾಕೆ ತೆಗೆದಳು ಅಂತಾರೆ, ತೆಗೆಯದಿದ್ದರೆ ಅದೇ ಉತ್ತರ, ಎಲ್ಲರ ಕಣ್ಣೂ ಕೈ ಮೇಲೆ, ಕೈ ಹೊಟ್ಟೆ ಮೇಲೆ, ಕೈ, ಹೊಟ್ಟೆ ಮೇಲೆ ನನ್ನ ಕೈ